ಕೇಡಗಾಂವ್ ಹುಡುಗಿಯರು ಜೋಡಿಸಿದ ಮೊಳೆ

ಪುಣೆಯ ವಿಮಾನ ನಗರದಲ್ಲಿರುವ ಕನ್ನಡಿಗರೊಬ್ಬರ ಮನೆಗೆ ಈಚೆಗೆ ಊಟಕ್ಕೆ ಹೋಗಿದ್ದೆ. ಮನೆಯ ಹಿರಿಯರಿಗೆ ಹಳೆಯ ಪುಸ್ತಕಗಳ ಹುಚ್ಚು. ಕೈ ತೊಳೆದು ಬರುವಷ್ಟರಲ್ಲಿ ದಪ್ಪನೆಯ ಮರಾಠಿ ಪುಸ್ತಕವೊಂದನ್ನು ಮುಂದಿಟ್ಟು, ‘ನೋಡಿ, ನಿಮ್ಮ ಕಾರ್ಕಳದ ಕಡೆಯವರದ್ದು’ ಎಂದರು. ಪಂಡಿತಾ ರಮಾಬಾಯಿ ಹೀಬ್ರೂ, ಗ್ರೀಕ್ ಮೂಲಗಳಿಂದ ಅನುವಾದಿಸಿದ ಬೈಬಲ್. ಹಾಳೆ ಹಳದಿಗಟ್ಟಿದೆ. ಹಿಂಬದಿಗೆ ಬೆರಳಾಡಿಸಿದರೆ ಮೊಳೆ ಒತ್ತಿದ ಉಬ್ಬು ಇನ್ನೂ ಸಿಗುತ್ತದೆ. ‘ಮೊಳೆ ಜೋಡಿಸಿದ್ದು, ಅಚ್ಚು ಹಾಕಿದ್ದು, ಬೈಂಡ್ ಮಾಡಿದ್ದು, ಎಲ್ಲ ರಮಾಬಾಯಿಯ ಆಶ್ರಮದ ಹೆಣ್ಣುಮಕ್ಕಳೇ’ ಎಂದು ಅವರು ಹೇಳಿದ ಮೇಲೆ ನನಗೆ ಪುಸ್ತಕ ಕೆಳಗಿಡಲು ಮನಸ್ಸಾಗಲಿಲ್ಲ.

ಕಾರ್ಕಳ ಕಡೆಯ ಮಾಳದ ಅನಂತಶಾಸ್ತ್ರಿಗಳ ಮಗಳಾದ ರಮಾಬಾಯಿಯ ಕಥೆ ನಮ್ಮವರಿಗೆ ಗೊತ್ತಿದ್ದದ್ದೇ. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಕಣ್ಣೆದುರೇ ಹೋದರು. 1889ರಲ್ಲಿ ರಮಾಬಾಯಿ ಮುಂಬೈಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. 1896–97ರ ಕ್ಷಾಮದಲ್ಲಿ ಮಧ್ಯಪ್ರಾಂತಕ್ಕೆ ಹೋದ ರಮಾಬಾಯಿ, ಹಸಿದ ಹುಡುಗಿಯರಿಗಾಗಿ ದಲ್ಲಾಳಿಗಳು ಹೊಂಚು ಹಾಕಿದ್ದನ್ನು ಕಂಡು, ಸುಮಾರು 300 ಮಂದಿಯನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ನಿರ್ಬಂಧ. ಹಾಗಾಗಿ ಸೊಲ್ಲಾಪುರದ ರೈಲುದಾರಿಯ ಕೇಡಗಾಂವಿನ ಹೊಲದಲ್ಲೇ ಬಿಡಾರ ಎದ್ದಿತು. ಅದೇ ಮುಕ್ತಿ ಸದನ. ಲೈಂಗಿಕ ಶೋಷಣೆಗೆ ಸಿಕ್ಕಿದವರಿಗಾಗಿ ಅಲ್ಲೇ ಕೃಪಾ ಸದನವೂ ಆಯಿತು.

ನನ್ನನ್ನು ಹಿಡಿದಿಟ್ಟದ್ದು ಅಲ್ಲಿನ ಅಚ್ಚುಮನೆ. ದೇವನಾಗರಿಯ ಮೊಳೆ ಜೋಡಿಸುವುದು ಹುಡುಗಾಟವಲ್ಲ. ‘ಆ’ಕಾರದ ಕಾನಾ, ‘ಏ’ಕಾರದ ಮಾತ್ರೆ, ಒತ್ತಕ್ಷರ ಒಂದೊಂದಕ್ಕೂ ಬೇರೆ ಗೂಡು. ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಸಾಲು ಬಿಗಿಯಾಗದಿದ್ದರೆ ಪುಟವೇ ಉದುರುತ್ತದೆ. ಅಚ್ಚಾದ ಮೇಲೆ ಮೊಳೆಗಳನ್ನೆಲ್ಲ ಬಿಚ್ಚಿ ಆಯಾ ಗೂಡಿಗೆ ಮರಳಿಸಬೇಕು, ಒಂದು ತಪ್ಪಿದರೆ ಮುಂದಿನ ಪುಟ ಕೆಟ್ಟಂತೆ. ಅಕ್ಷರವನ್ನೇ ಕಾಣದೆ ಬೆಳೆದು, ಯಾರದೋ ಕೈಯಿಂದ ಪಾರಾಗಿ ಬಂದ ಹುಡುಗಿಯರ ನಡುವೆ ಇಂಥ ಕೆಲಸ ನಡೆಯಿತು. ರಮಾಬಾಯಿ ಬೇಕೆಂದೇ ಅನುವಾದದ ಮರಾಠಿಯನ್ನು ಸರಳವಾಗಿಟ್ಟದ್ದು ಹೆಚ್ಚು ಓದದ ಹೆಂಗಸರಿಗೂ ತಿಳಿಯಲಿ ಎಂದು. ಅಂದರೆ ಜೋಡಿಸಿದವರೇ ಓದಬಲ್ಲ ಪುಸ್ತಕ. ‘ನಿನಗೇನಾಯ್ತು, ಹೇಳು’ ಎಂದು ಮತ್ತೆ ಮತ್ತೆ ಕೆದಕುವುದಕ್ಕಿಂತ, ಕಷ್ಟದ ಕೆಲಸವೊಂದನ್ನು ನಂಬಿ ಒಪ್ಪಿಸಿದಾಗ ನೊಂದ ಹುಡುಗಿ ಬೇಗ ತಲೆಯೆತ್ತುತ್ತಾಳೆ ಎಂದೇ ನನ್ನ ಎಣಿಕೆ. ನೇಯ್ಗೆ, ಹೈನು, ಅಂಧರಿಗೆ ಬ್ರೈಲ್ ಕೂಡ ಅಲ್ಲಿದ್ದವು. ಆದರೂ ಅಚ್ಚುಮನೆಯ ಮೇಲೆಯೇ ನನಗೆ ಮೋಹ.

ಎಲ್ಲವನ್ನೂ ನಾನು ಒಪ್ಪುತ್ತೇನೆಂದಲ್ಲ. 1893ರಲ್ಲೇ ಮತಾಂತರದ ಗದ್ದಲವೆದ್ದು ಸುಧಾರಕರಾದ ರಾನಡೆ, ಭಂಡಾರ್ಕರ್ ಶಾರದಾ ಸದನದ ಸಲಹಾ ಮಂಡಳಿ ಬಿಟ್ಟರು. ಅನ್ನ ಕೊಟ್ಟ ಕೈಯೇ ದೇವರನ್ನೂ ತೋರಿಸಿದಾಗ, ಹಸಿದ ಹುಡುಗಿಗೆ ಬೇಡವೆನ್ನುವ ದಾರಿ ಎಷ್ಟಿತ್ತು? ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಶೋಷಣೆಗೆ ಸಿಕ್ಕಿದ ಹುಡುಗಿಯರಿಗಾಗಿ ಈಗ 2012ರ ಪೋಕ್ಸೊ, 2015ರ ಬಾಲನ್ಯಾಯ ಕಾಯ್ದೆಗಳಿವೆ. ಹುಡುಗಿಯ ಹೆಸರು, ಗುರುತು ಹೊರಬರುವಂತಿಲ್ಲ; ಎಲ್ಲಿರಬೇಕೆಂದು ತೀರ್ಮಾನಿಸುವುದು ಮಕ್ಕಳ ಕಲ್ಯಾಣ ಸಮಿತಿ. ಮೈಸೂರಿನ ಒಡನಾಡಿಯಂಥ ಸಂಸ್ಥೆಗಳು ದಶಕಗಳಿಂದ ಇಂಥ ಹುಡುಗಿಯರ ಪುನರ್ವಸತಿಗೆ ಹೆಗಲು ಕೊಟ್ಟಿವೆ. ಆದರೂ ‘ಸ್ವಾವಲಂಬನೆ’ ಎಂದರೆ ಹೊಲಿಗೆ ಯಂತ್ರ, ಮೇಣದಬತ್ತಿ ಎಂದೇ ನಾವಿನ್ನೂ ತಿಳಿದಿದ್ದೇವೆ. ಇದು ನನಗೆ ಸಹಿಸಲಾಗದ ಮಾತು. 18 ತುಂಬಿದೊಡನೆ ಹುಡುಗಿ ಆಶ್ರಯ ಬಿಡಬೇಕಾಗುತ್ತದೆ. ಆದರೆ ಆಶ್ರಯ ಬಿಟ್ಟ ಮೇಲಿನ ಅನುಪಾಲನೆಯ ನೆರವಿಗೆ, 21ರವರೆಗೆ, ಬಾಲನ್ಯಾಯ ಕಾಯ್ದೆಯಲ್ಲೇ ಜಾಗವಿದೆ. ಆ ಮೂರು ವರ್ಷ ಅವಳಿಗೆ ನರ್ಸಿಂಗೋ, ಎಲೆಕ್ಟ್ರಿಕಲ್ ಡಿಪ್ಲೊಮಾವೋ, ಕಾನೂನೋ ಓದಲು ಸೀಟು, ಹಾಸ್ಟೆಲು, ಜೊತೆಗೆ ಜ್ವರ ಬಂದ ರಾತ್ರಿ ಫೋನು ಮಾಡಲು ಒಬ್ಬ ಅಕ್ಕ ಸಿಗಲಿ.