ಒಂದೂ ವೋಟು ಬೀಳೋ ಮೊದಲೇ ಸೋತ ಕ್ಯಾಂಡಿಡೇಟ್: ರಾನ್ ಡಿಸಾಂಟಿಸ್ ಕಥೆ

ಇವತ್ತಿನ ಎಪಿಸೋಡ್‌ನಲ್ಲಿ ಒಂದೇ ಪ್ರಶ್ನೆ. ಒಬ್ಬ ಲೀಡರ್ ತನ್ನ ರಾಜ್ಯದಲ್ಲಿ ಭರ್ಜರಿಯಾಗಿ ಗೆದ್ದ ಮೇಲೆ, ಬರೀ ಹದಿನಾಲ್ಕು ತಿಂಗಳಲ್ಲಿ ತನ್ನದೇ ಪಕ್ಷದ ಮತದಾರರ ನಂಬಿಕೆ ಕಳ್ಕೊಳ್ಳೋದು ಹೇಗೆ?

ನಾನು ಹೇಳ್ತಿರೋದು ಅಮೆರಿಕದ ಫ್ಲೋರಿಡಾ ಗವರ್ನರ್ ರಾನ್ ಡಿಸಾಂಟಿಸ್ ಬಗ್ಗೆ. 2024ರ ಅಧ್ಯಕ್ಷ ಚುನಾವಣೆಗೆ ರಿಪಬ್ಲಿಕನ್ ಪಕ್ಷದ ಟಿಕೆಟ್ ಕೇಳಿದವರು.

ಮೊದಲು ಪ್ರೈಮರಿ ಅಂದ್ರೇನು ಅಂತ ನೋಡೋಣ. ನಮ್ಮಲ್ಲಿ ಬಿ ಫಾರಂ ಯಾರಿಗೆ ಅನ್ನೋದನ್ನ ಹೈಕಮಾಂಡ್ ತೀರ್ಮಾನ ಮಾಡುತ್ತೆ. ಅಮೆರಿಕದಲ್ಲಿ ಅದನ್ನ ಪಕ್ಷದ ಸಾಮಾನ್ಯ ಮತದಾರರೇ ರಾಜ್ಯದಿಂದ ರಾಜ್ಯಕ್ಕೆ ವೋಟು ಹಾಕಿ ತೀರ್ಮಾನಿಸ್ತಾರೆ. ಅಂದ್ರೆ ಇಲ್ಲಿ ಎದುರಾಳಿಯೂ ನಿಮ್ಮ ಪಕ್ಷದವರೇ, ಸಿದ್ಧಾಂತವೂ ಹೆಚ್ಚುಕಮ್ಮಿ ಒಂದೇ. ಹಾಗಿದ್ರೆ ವೋಟರ್ ಯಾವುದನ್ನ ನೋಡಿ ಆರಿಸ್ತಾನೆ? ಈ ಕಥೆಯ ಗಂಟು ಇರೋದೇ ಅಲ್ಲಿ.

2018ರಲ್ಲಿ ಡಿಸಾಂಟಿಸ್ ಗವರ್ನರ್ ಆಗಿದ್ದು ಸುಮಾರು 32 ಸಾವಿರ ವೋಟುಗಳ ಅಂತರದಲ್ಲಿ. ಅಷ್ಟು ದೊಡ್ಡ ರಾಜ್ಯಕ್ಕೆ ಅದು ಕೂದಲೆಳೆ. ಆಗ ಅವರಿಗೆ ಡೊನಾಲ್ಡ್ ಟ್ರಂಪ್ ಬೆಂಬಲ ಇತ್ತು. ಮಗಳಿಗೆ ಆಟದ ಬ್ಲಾಕ್‌ನಲ್ಲಿ ಗೋಡೆ ಕಟ್ಟೋದು ಕಲಿಸೋ ಜಾಹೀರಾತನ್ನೂ ಮಾಡಿದ್ರು, ಟ್ರಂಪ್ ಗಡಿಗೋಡೆ ನೆನಪಿಸೋಕೆ. ನಾಲ್ಕು ವರ್ಷ ಬಿಟ್ಟು 2022ರ ನವೆಂಬರ್‌ನಲ್ಲಿ ಅದೇ ಡಿಸಾಂಟಿಸ್ ಸುಮಾರು 15 ಲಕ್ಷ ವೋಟುಗಳಿಂದ ಗೆದ್ರು. ಅದೇ ರಾತ್ರಿ ಪೆನ್ಸಿಲ್ವೇನಿಯಾದಲ್ಲಿ ಟ್ರಂಪ್ ಬೆಂಬಲಿಸಿದ್ದ ಮೆಹ್ಮೆಟ್ ಓಝ್ ಸೋತ್ರು. ಆಮೇಲೆ ಅರಿಜೋನಾದಲ್ಲಿ ಕ್ಯಾರಿ ಲೇಕ್, ಜಾರ್ಜಿಯಾದಲ್ಲಿ ಹರ್ಷಲ್ ವಾಕರ್ ಕೂಡ ಸೋತ್ರು.

ಪಕ್ಷದಲ್ಲಿ ತುಂಬಾ ಜನ ಒಂದು ಲೆಕ್ಕ ಹಾಕಿದ್ರು: ಟ್ರಂಪ್ ನೀತಿ ಬೇಕು, ಆದ್ರೆ ಗೆಲ್ಲೋ ಮುಖ ಬೇಕು. 2023ರ ಶುರುವಿನಲ್ಲಿ ಸಮೀಕ್ಷೆಗಳಲ್ಲಿ ಡಿಸಾಂಟಿಸ್‌ಗೆ ಸುಮಾರು 30 ಪರ್ಸೆಂಟ್ ಬೆಂಬಲ ಸಿಗ್ತಿತ್ತು. ಗಮನಿಸಿ, ಅವರ ಮುಖ್ಯ ಬಂಡವಾಳ ‘ನಾನು ಗೆಲ್ತೀನಿ’ ಅನ್ನೋದು.

ಆ ಬಂಡವಾಳ ಕರಗೋಕೆ ಶುರುವಾಗಿದ್ದು ಅವರ ಕೈಮೀರಿದ ಒಂದು ಘಟನೆಯಿಂದ. 2023ರ ಮಾರ್ಚ್ 30ಕ್ಕೆ ನ್ಯೂಯಾರ್ಕ್‌ನಲ್ಲಿ ಟ್ರಂಪ್ ಮೇಲೆ ಕ್ರಿಮಿನಲ್ ಆರೋಪ ಬಂತು. ಆಗಸ್ಟ್ ಹೊತ್ತಿಗೆ ಅಂಥ ನಾಲ್ಕು ಕೇಸ್. ಎದುರಾಳಿಗೆ ಲಾಭ ಆಗ್ಬೇಕಿತ್ತು ಅಲ್ವಾ? ಉಲ್ಟಾ ಆಯ್ತು. ಪಕ್ಷದ ಮತದಾರರು ‘ನಮ್ಮವರಿಗೆ ಅನ್ಯಾಯ ಆಗ್ತಿದೆ’ ಅಂತ ಟ್ರಂಪ್ ಹಿಂದೆ ನಿಂತ್ರು. ಡಿಸಾಂಟಿಸ್‌ಗೆ ಬೇರೆ ದಾರಿ ಇರಲಿಲ್ಲ. ಟ್ರಂಪ್ ಹಸ್ತಾಂತರಕ್ಕೆ ಫ್ಲೋರಿಡಾ ಸಹಕರಿಸಲ್ಲ ಅಂತ ಅವರೇ ಹೇಳ್ಬೇಕಾಯ್ತು. ಯಾರನ್ನ ಸೋಲಿಸ್ಬೇಕೋ ಅವರನ್ನೇ ಸಮರ್ಥಿಸಿಕೊಂಡ್ರೆ, ‘ಹಾಗಾದ್ರೆ ನೀವ್ಯಾಕೆ?’ ಅಂತ ವೋಟರ್ ಕೇಳೇ ಕೇಳ್ತಾನೆ.

ಮೇ 24ಕ್ಕೆ ಟ್ವಿಟರ್ ಸ್ಪೇಸಸ್‌ನಲ್ಲಿ, ಇಲಾನ್ ಮಸ್ಕ್ ಜೊತೆ ಸ್ಪರ್ಧೆಯ ಘೋಷಣೆ. ಶುರುವಿನ ಸುಮಾರು ಇಪ್ಪತ್ತು ನಿಮಿಷ ಆಡಿಯೋ ಕಟ್, ಆ್ಯಪ್ ಕ್ರ್ಯಾಶ್. ‘ಕೆಲಸ ಮಾಡಿ ತೋರಿಸೋನು ನಾನು’ ಅಂತ ಹೇಳ್ಕೊಂಡು ಬಂದವರಿಗೆ ಅದು ಕೆಟ್ಟ ಶಕುನ.

ನಾನು ಕಾಮರ್ಸ್ ಓದಿದ್ದು, ಹಾಗಾಗಿ ನನಗೆ ಮುಂದಿನದು ಬ್ಯಾಂಕ್ ರನ್ ಥರ ಕಾಣುತ್ತೆ. ಬ್ಯಾಂಕ್ ಮುಳುಗುತ್ತೆ ಅಂತ ನನಗೆ ಅನಿಸಬೇಕಂತಿಲ್ಲ. ಬೇರೆಯವರಿಗೆ ಹಾಗೆ ಅನಿಸಿ ದುಡ್ಡು ತೆಗೀತಾರೆ ಅಂತ ಅನಿಸಿದ್ರೆ ಸಾಕು, ನಾನೂ ಕ್ಯೂನಲ್ಲಿ ನಿಲ್ತೀನಿ. ಪ್ರೈಮರಿಯಲ್ಲೂ ಇದೇ. ಸಮೀಕ್ಷೆ ಇಳೀತು ಅಂದ್ರೆ ದೇಣಿಗೆ ಕೊಡೋರು ಕೈ ಹಿಡಿತಾರೆ. ಖರ್ಚು ಉಳಿಸೋಕೆ ಸಿಬ್ಬಂದಿ ಕಡಿತ ಆಗುತ್ತೆ. ಡಿಸಾಂಟಿಸ್ ಜುಲೈನಲ್ಲೇ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರನ್ನ ತೆಗೆದ್ರು. ಆ ಕಡಿತವೇ ಸುದ್ದಿ ಆಗುತ್ತೆ. ಸುದ್ದಿ ನೋಡಿ ಸಮೀಕ್ಷೆ ಮತ್ತೆ ಇಳಿಯುತ್ತೆ.

ಕೊನೇ ಪೆಟ್ಟು ನವೆಂಬರ್‌ನಲ್ಲಿ. ನ್ಯೂಯಾರ್ಕ್ ಟೈಮ್ಸ್ ಮತ್ತು ಸಿಯೆನಾ ಕಾಲೇಜ್ ಸಮೀಕ್ಷೆಯಲ್ಲಿ, ಆರು ನಿರ್ಣಾಯಕ ರಾಜ್ಯಗಳ ಪೈಕಿ ಐದರಲ್ಲಿ ಬೈಡನ್‌ಗಿಂತ ಟ್ರಂಪ್ ಮುಂದೆ. ಅಂದ್ರೆ ‘ಟ್ರಂಪ್ ಗೆಲ್ಲಲ್ಲ, ನಾನು ಗೆಲ್ತೀನಿ’ ಅನ್ನೋ ವಾದಕ್ಕೆ ಬುಡವೇ ಇಲ್ಲ.

ದುಡ್ಡಿಗೇನೂ ಕೊರತೆ ಇರಲಿಲ್ಲ. ಅವರ ಪರ ಇದ್ದ ‘ನೆವರ್ ಬ್ಯಾಕ್ ಡೌನ್’ ಸಂಘಟನೆಗೆ ಫ್ಲೋರಿಡಾದ ಅವರ ಹಳೇ ರಾಜಕೀಯ ಸಮಿತಿಯಿಂದಲೇ 8 ಕೋಟಿ ಡಾಲರ್‌ಗಿಂತ ಹೆಚ್ಚು ಬಂದಿತ್ತು. ಓಡಾಟಕ್ಕೂ ಕಮ್ಮಿ ಇಲ್ಲ. ಮೊದಲ ಮತದಾನ ನಡೆಯೋ ಅಯೋವಾದ 99 ಕೌಂಟಿಗಳಿಗೂ ಹೋಗಿ ಬಂದ್ರು. ಅಲ್ಲಿನ ಗವರ್ನರ್ ಕಿಮ್ ರೆನಾಲ್ಡ್ಸ್ ಕೂಡ ಅವರ ಜೊತೆ ಇದ್ರು.

2024ರ ಜನವರಿ 15, ಮೈ ಕೊರೆಯೋ ಚಳಿ. ಶಾಲೆ, ಚರ್ಚುಗಳಲ್ಲಿ ಸೇರಿದ ಸುಮಾರು 1 ಲಕ್ಷ 10 ಸಾವಿರ ಜನ ವೋಟು ಹಾಕಿದ್ರು. ಟ್ರಂಪ್‌ಗೆ 51 ಪರ್ಸೆಂಟ್, ಡಿಸಾಂಟಿಸ್‌ಗೆ 21. ಅಷ್ಟೂ ಕೌಂಟಿ ಸುತ್ತಿದವರು ಒಂದರಲ್ಲೂ ಗೆಲ್ಲಲಿಲ್ಲ. ಜನವರಿ 21ಕ್ಕೆ ಸ್ಪರ್ಧೆಯಿಂದ ಹಿಂದೆ ಸರಿದು, ಟ್ರಂಪ್‌ಗೆ ಬೆಂಬಲ ಘೋಷಿಸಿದ್ರು.

ಹಾಗಂತ ಮತದಾರರು ಡಿಸಾಂಟಿಸ್‌ನ ದ್ವೇಷಿಸಿದ್ರಾ? ನನಗೆ ಹಾಗೆ ಅನಿಸಲ್ಲ. ನಂಬಿಕೆಯಲ್ಲಿ ಮೂರು ಬಗೆ ಇದೆ: ಈ ವ್ಯಕ್ತಿಯ ನೀತಿ ಸರಿ, ಈ ವ್ಯಕ್ತಿ ನಮ್ಮವನು, ಈ ವ್ಯಕ್ತಿ ಗೆಲ್ತಾನೆ. ಡಿಸಾಂಟಿಸ್ ವಿಷಯದಲ್ಲಿ ಮೊದಲನೇದು ಕೊನೆವರೆಗೂ ಉಳೀತು. ಎರಡನೇದರಲ್ಲಿ ಟ್ರಂಪ್ ಯಾವತ್ತೂ ಮುಂದಿದ್ರು. ಇವರ ಹತ್ರ ಹೆಚ್ಚಾಗಿ ಇದ್ದಿದ್ದು ಮೂರನೇದು ಮಾತ್ರ, ಮತ್ತು ಅದು ನಿಂತಿರೋದು ಬೇರೆಯವರು ಏನು ಅಂದ್ಕೊಳ್ತಾರೆ ಅನ್ನೋದರ ಮೇಲೆ. ಅದಕ್ಕೇ ಅದು ಅಷ್ಟು ಬೇಗ ಹೋಯ್ತು.

ನಿಮ್ಮ ಫೋನ್‌ಗೆ ಇನ್ನೊಂದು ಸಲ ‘ಇವರ ಅಲೆ ಇದೆ’, ‘ಅವರ ಕಥೆ ಮುಗೀತು’ ಅನ್ನೋ ಸಮೀಕ್ಷೆ ಬಂದಾಗ ಒಂದು ನಿಮಿಷ ನಿಲ್ಲಿ. ಆ ಕ್ಯಾಂಡಿಡೇಟ್ ಬಗ್ಗೆ ನಿಮಗೆ ಏನನಿಸುತ್ತೆ, ಬೇರೆಯವರಿಗೆ ಏನನಿಸಬಹುದು ಅಂತ ನಿಮಗೆ ಅನಿಸುತ್ತೆ, ಈ ಎರಡನ್ನೂ ಬೇರೆ ಬೇರೆ ಇಟ್ಟು ನೋಡಿ. ನಿಮ್ಮ ವೋಟು ಮೊದಲನೇದಕ್ಕೆ ಸೇರಿದ್ದು.