ಸೋರಿಯಾಸಿಸ್: ಚರ್ಮದಲ್ಲಿ ಮಾತ್ರ ನಿಲ್ಲದ ಕಾಯಿಲೆ



ಏಪ್ರಿಲ್ ತಿಂಗಳ ಸೆಕೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟು, ಇಗರ್ಜಿಯ ಕೊನೆಯ ಬೆಂಚಿನಲ್ಲಿ ಕುಳಿತು, ಬಲಿಪೂಜೆ ಮುಗಿಯುವ ಮೊದಲೇ ಎದ್ದುಹೋಗುವ ಕೃಷಿಕರೊಬ್ಬರನ್ನು ನಾನು ಬಲ್ಲೆ. ಮೊಣಕೈ, ಮೊಣಕಾಲು ಮತ್ತು ತಲೆಯಲ್ಲಿ ಕೆಂಪು ಕಲೆಗಳು, ಅವುಗಳ ಮೇಲೆ ಬೆಳ್ಳಿಯ ಬಣ್ಣದ ಹುರುಪೆ. ಹಬ್ಬದ ಊಟದಲ್ಲಿ ಅವರ ಪಕ್ಕದ ಕುರ್ಚಿ ಖಾಲಿ ಉಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದುದರಿಂದ ಮೊದಲ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಸೋರಿಯಾಸಿಸ್ ಅಂಟುರೋಗವಲ್ಲ. ಮುಟ್ಟಿದರೆ, ಒಟ್ಟಿಗೆ ಉಂಡರೆ, ಒಂದೇ ಕೆರೆಯಲ್ಲಿ ಮಿಂದರೆ ಅದು ಹರಡುವುದಿಲ್ಲ.

ಈ ತಪ್ಪು ತಿಳಿವಳಿಕೆ ಬಹಳ ಹಳೆಯದು. ಯಾಜಕಕಾಂಡದ 13 ಮತ್ತು 14ನೆಯ ಅಧ್ಯಾಯಗಳಲ್ಲಿ ಕುಷ್ಠವೆಂದು ಅನುವಾದವಾಗಿರುವ ಪದ ಇಂದಿನ ಕುಷ್ಠರೋಗವೊಂದನ್ನೇ ಸೂಚಿಸುವುದಿಲ್ಲ. ಹಲವು ಬಗೆಯ ಚರ್ಮರೋಗಗಳಿಗೆ, ಬಟ್ಟೆಯ ಮತ್ತು ಗೋಡೆಯ ಬೂಷ್ಟಿಗೆ ಕೂಡ ಅಲ್ಲಿ ಅದೇ ಪದವಿದೆ. ಆ ಕಾಲದಲ್ಲಿ ಚರ್ಮ ಪರೀಕ್ಷಿಸುವ ಕೆಲಸ ಯಾಜಕನದು. ನಮ್ಮ ಕಾಲದಲ್ಲಿ ಅದು ವೈದ್ಯರಿಗೆ ಹೋಗಿರುವುದು ನನ್ನ ಪುಣ್ಯ! ಸೋರಿಯಾಸಿಸ್ ಬೇರೆ, ಕುಷ್ಠ ಬೇರೆ ಎಂದು ವಿಯೆನ್ನಾದ ವೈದ್ಯ ಹೆಬ್ರಾ ಸ್ಪಷ್ಟವಾಗಿ ವಿಂಗಡಿಸಿದ್ದು 1841ರಲ್ಲಿ.

ಹಾಗಾದರೆ ಇದು ಬರುವುದು ಎಲ್ಲಿಂದ? ರೋಗಾಣುಗಳೊಡನೆ ಹೋರಾಡಬೇಕಾದ ನಮ್ಮ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ, ವೈರಿಯಿಲ್ಲದ ಕಡೆ ಯುದ್ಧ ಹೂಡುತ್ತದೆ. ಇದಕ್ಕೆ ಉರಿಯೂತವೆನ್ನುತ್ತಾರೆ. ಟಿ.ಎನ್.ಎಫ್., ಇಂಟರ್‌ಲ್ಯೂಕಿನ್-17, ಇಂಟರ್‌ಲ್ಯೂಕಿನ್-23 ಮೊದಲಾದ ರಾಸಾಯನಿಕ ದೂತರು ಚರ್ಮದ ಕಣಗಳನ್ನು ಅವಸರಪಡಿಸುತ್ತವೆ. ಸುಮಾರು ಒಂದು ತಿಂಗಳಲ್ಲಿ ಬಲಿತು ಉದುರಬೇಕಾದ ಕಣಗಳು ಕೆಲವೇ ದಿನಗಳಲ್ಲಿ ಮೇಲೆ ಬಂದು ಒಟ್ಟುಗೂಡುತ್ತವೆ. ಹುರುಪೆಯೆಂದರೆ ಅದೇ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿದ್ದರಿಂದ ಹೀಗಾಯಿತೆಂದು ಹಲವರು ಮೈಲುತುತ್ತನ್ನು ದೂರುವುದುಂಟು. ಮೈಲುತುತ್ತು, ಸುಣ್ಣ ತಗಲಿ ಕೈ ಉರಿಯುವುದು ನಿಜ, ಆದರೆ ಅದು ಬೇರೆ ತೊಂದರೆ. ಸೋರಿಯಾಸಿಸಿನ ಒಲವು ಹುಟ್ಟಿನಿಂದಲೇ ಇರುತ್ತದೆ. ಒಲವಿರುವವರಿಗೆ ಗಾಯ, ಗೀರು, ಗಂಟಲಿನ ಸೋಂಕು, ಚಿಂತೆ, ಮದ್ಯ ಇವು ಕಾಯಿಲೆಯನ್ನು ಕೆಣಕುತ್ತವೆ. ತೋಟದಲ್ಲಿ ಕೈಕಾಲು ಗೀಚಿದ ಜಾಗದಲ್ಲೇ ಹೊಸ ಕಲೆ ಏಳುವುದು ಇದೇ ಕಾರಣದಿಂದ.

ಈ ಉರಿಯೂತ ಉಮಿಬೆಂಕಿಯ ಹಾಗೆ. ಮೇಲೆ ಕಾಣುವುದು ಸ್ವಲ್ಪ ಹೊಗೆ, ಒಳಗೆ ಎಲ್ಲೆಡೆ ಕೆಂಡ. ಆ ದೂತರು ರಕ್ತದಲ್ಲಿ ಸೇರಿ ದೇಹವಿಡೀ ಸುತ್ತುತ್ತವೆ. ಕೆಲವರಿಗೆ ಬೆಳಿಗ್ಗೆ ಎದ್ದಾಗ ಬೆರಳಿನ ಗಂಟು ಬಿಗಿಯುತ್ತದೆ. ಹೃದಯದ ಕಾಯಿಲೆ, ಮಧುಮೇಹ ಈ ರೋಗಿಗಳಲ್ಲಿ ಹೆಚ್ಚು.

ಹೊಟ್ಟೆಯ ಬೊಜ್ಜಿಗೂ ಇಲ್ಲೊಂದು ಪಾತ್ರವಿದೆ. ಕೊಬ್ಬೆಂದರೆ ಸುಮ್ಮನೆ ಕೂಡಿಟ್ಟ ಉಗ್ರಾಣವೆಂದು ಬಹಳ ಕಾಲ ತಿಳಿಯಲಾಗಿತ್ತು. 1993ರಲ್ಲಿ ಅಮೆರಿಕದ ಬೋಸ್ಟನ್ನಿನ ಸಂಶೋಧಕರು ಬೊಜ್ಜು ಬಂದ ಇಲಿಗಳ ಕೊಬ್ಬಿನಲ್ಲಿ ಟಿ.ಎನ್.ಎಫ್. ಹೆಚ್ಚಾಗಿ ತಯಾರಾಗುವುದನ್ನು ತೋರಿಸಿದರು. ಅಂದರೆ ಚರ್ಮವನ್ನು ಕಾಡುವ ಅದೇ ದೂತನನ್ನು ಹೊಟ್ಟೆಯ ಕೊಬ್ಬೂ ಕಳುಹಿಸುತ್ತಿದೆ. ಬೊಜ್ಜು ಇದ್ದವರಲ್ಲಿ ಸೋರಿಯಾಸಿಸ್ ಹೆಚ್ಚು, ಇದ್ದರೆ ತೀವ್ರವೂ ಹೌದು. ತೂಕ ಇಳಿಸಿದವರಲ್ಲಿ ಕಲೆಗಳು ತಗ್ಗುತ್ತವೆ, ಔಷಧವೂ ಚೆನ್ನಾಗಿ ನಾಟುತ್ತದೆ. ನಮ್ಮವರಲ್ಲಿ ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದು 80 ದಾಟಿದರೆ ಎಚ್ಚರಿಕೆ ಬೇಕು. ಹಬ್ಬದ ದಿನ ಹಂದಿ ಮಾಂಸ ಬಿಡಿರೆಂದು ಹೇಳುವ ಧೈರ್ಯ ನನಗಿಲ್ಲ. ಉಳಿದ ದಿನಗಳಲ್ಲಿ ಎರಡನೆಯ ಬಾರಿ ಅನ್ನ ಬಡಿಸಿಕೊಳ್ಳುವುದನ್ನು, ಬೇಕರಿ ತಿಂಡಿಯನ್ನು, ಸಂಜೆಯ ಕುಡಿತವನ್ನು ಬಿಡಿರಿ. ಗದ್ದೆ ಉತ್ತು, ಹೊರೆ ಹೊತ್ತ ನಮ್ಮ ಅಜ್ಜಂದಿರ ಊಟ ಸ್ಕೂಟರಿನಲ್ಲಿ ತೋಟಕ್ಕೆ ಹೋಗುವ ನಮಗೆ ಜೀರ್ಣವಾಗದು.

ಮನಸ್ಸಿನ ವಿಷಯವನ್ನು ಹೆಚ್ಚು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಇದನ್ನು ಯಾರೂ ವೈದ್ಯರಿಗೆ ಹೇಳುವುದಿಲ್ಲ. ಸೋರಿಯಾಸಿಸ್ ಇದ್ದವರಲ್ಲಿ ಖಿನ್ನತೆ ಇತರರಿಗಿಂತ ಹೆಚ್ಚು. ಖಾಲಿ ಕುರ್ಚಿಯ ಅವಮಾನ ಅದಕ್ಕೆ ಒಂದು ಕಾರಣ, ಆದರೆ ಅದೊಂದೇ ಅಲ್ಲ. ಹೆಪಟೈಟಿಸ್-ಸಿ ಕಾಯಿಲೆಗೆ ಹಿಂದೆ ಇಂಟರ್‌ಫೆರಾನ್ ಎಂಬ ಚುಚ್ಚುಮದ್ದು ಕೊಡುತ್ತಿದ್ದರು. ಅದೂ ರೋಗನಿರೋಧಕ ವ್ಯವಸ್ಥೆಯ ಒಂದು ದೂತ. ಅದನ್ನು ಪಡೆದವರಲ್ಲಿ ಅನೇಕರು, ಮೊದಲು ಚೆನ್ನಾಗಿದ್ದವರೂ ಕೂಡ, ಖಿನ್ನತೆಗೆ ಬಿದ್ದರು. ಇನ್ನೊಂದು ಸಾಕ್ಷ್ಯ 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು: ಟಿ.ಎನ್.ಎಫ್.ಅನ್ನು ತಡೆಯುವ ಇಟಾನರ್ಸೆಪ್ಟ್ ಔಷಧ ಪಡೆದ ಸೋರಿಯಾಸಿಸ್ ರೋಗಿಗಳ ಖಿನ್ನತೆ ಕಡಿಮೆಯಾಯಿತು, ಮತ್ತು ಚರ್ಮ ಎಷ್ಟು ತಿಳಿಯಾಯಿತು ಎಂಬುದರೊಡನೆ ಅದು ನೇರವಾಗಿ ತಾಳೆಯಾಗಲಿಲ್ಲ. ಉರಿಯೂತ ಮಿದುಳನ್ನು ಬೇರೆಯಾಗಿಯೇ ತಟ್ಟುತ್ತಿತ್ತೆಂದು ಊಹಿಸಬಹುದು. ಹಾಗೆಂದು ಎಲ್ಲ ಖಿನ್ನತೆಯೂ ಉರಿಯೂತದಿಂದ ಬರುವುದಲ್ಲ. ಆದರೆ ನಿದ್ರೆಯಿಲ್ಲದೆ, ತೋಟದ ಕಡೆ ಮುಖ ಹಾಕದೆ, ಮೂಲೆ ಹಿಡಿದವರನ್ನು ಸೋಮಾರಿ ಎನ್ನುವುದಾಗಲಿ, ವಿಶ್ವಾಸ ಸಾಲದು ಎನ್ನುವುದಾಗಲಿ ಸರಿಯಲ್ಲ. ಹಿಂದೆ ನಾನೂ ಹಾಗೆ ಮಾತಾಡಿದ್ದುಂಟು.

ಮನಸ್ಸು ಕುಗ್ಗಿದವರು ನಡೆಯುವುದಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುತ್ತಾರೆ, ಕುಡಿಯುತ್ತಾರೆ; ಬೊಜ್ಜು ಬೆಳೆಯುತ್ತದೆ, ಚರ್ಮ ಕೆಡುತ್ತದೆ, ಮನಸ್ಸು ಇನ್ನೂ ಕುಗ್ಗುತ್ತದೆ. ಈ ಸುತ್ತನ್ನು ಯಾವ ಕಡೆಯಿಂದ ಕಡಿದರೂ ಲಾಭವಿದೆ.

ಚಿಕಿತ್ಸೆಯ ಬಗ್ಗೆ ಎರಡು ಎಚ್ಚರಿಕೆಗಳು. ಚೀಟಿಯಿಲ್ಲದೆ ಸ್ಟಿರಾಯ್ಡ್ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳಬೇಡಿರಿ. ಎರಡು ದಿನದಲ್ಲಿ ಚರ್ಮ ಹೊಳೆಯಬಹುದು, ನಿಲ್ಲಿಸಿದೊಡನೆ ಮೈಯಿಡೀ ಕೀವುಗುಳ್ಳೆ ಎದ್ದು ಪ್ರಾಣಕ್ಕೇ ಕುತ್ತಾಗಬಹುದು. ಎರಡನೆಯದು, ಮೆಥೊಟ್ರೆಕ್ಸೇಟ್ ಮಾತ್ರೆ ಬರೆದುಕೊಟ್ಟಿದ್ದರೆ ಅದು ವಾರಕ್ಕೊಮ್ಮೆ ಮಾತ್ರ. ದಿನಾ ನುಂಗಿ ಸತ್ತವರಿದ್ದಾರೆ. ಅದರೊಂದಿಗೆ ಮದ್ಯ ಕೂಡದು, ಗರ್ಭಿಣಿಯರಿಗೆ ಮಾತ್ರೆಯೇ ಕೂಡದು. ಹುರುಪೆ ಮೆತ್ತಗಾಗಲು ಸ್ನಾನದ ನಂತರ ನಮ್ಮ ಗಾಣದ ತೆಂಗಿನೆಣ್ಣೆ ಹಚ್ಚಬಹುದು. ವೈದ್ಯರು ಕೊಟ್ಟ ಮುಲಾಮನ್ನು ಮಾತ್ರ ಅದಕ್ಕಾಗಿ ಬಿಡಬಾರದು.

ಚರ್ಮವೈದ್ಯರ ಬಳಿ ಹೋದಾಗ ಮೊಣಕೈ ತೋರಿಸಿ ಎದ್ದು ಬರಬೇಡಿರಿ. ಗಂಟುನೋವು, ತೂಕ, ನಿದ್ರೆ, ಬೇಸರ ಎಲ್ಲವನ್ನೂ ಹೇಳಿರಿ, ರಕ್ತದೊತ್ತಡ ಮತ್ತು ಸಕ್ಕರೆ ಪರೀಕ್ಷಿಸಲು ಕೇಳಿರಿ. ಬದುಕೇ ಬೇಡವೆನಿಸಿದರೆ ಯಾವ ಹೊತ್ತಿನಲ್ಲಾದರೂ 14416ಕ್ಕೆ ಫೋನ್ ಮಾಡಬಹುದು. ಅದು 2022ರಲ್ಲಿ ಆರಂಭವಾದ ಕೇಂದ್ರ ಸರಕಾರದ ಟೆಲಿ-ಮಾನಸ್ ಸೇವೆ, ಖರ್ಚಿಲ್ಲ, ಕನ್ನಡದಲ್ಲಿಯೂ ಮಾತಾಡಬಹುದು. ಫೋನಿನಲ್ಲಿ ಮಾತಾಡಲು ಸಂಕೋಚಪಡುವವರು ಗುರುಮನೆಗೆ ಬನ್ನಿರಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗೋಣ.