ಗಾಳಿಯ ಹೊದಿಕೆಯಾಚೆಯ ಬೆಳಕು



ಗೊಬ್ಬರದ ಗುಂಡಿ, ಬೀಜೋಪಚಾರಗಳ ವಿಷಯ ಬರುವ ಈ ಪತ್ರಿಕೆಯಲ್ಲಿ ಆಕಾಶದ ಮಾತೇಕೆ ಎಂದು ತಾವು ಕೇಳಬಹುದು. ರೋಹಿಣಿ, ಮೃಗಶಿರ ಎಂದು ಮಳೆಯನ್ನು ಎಣಿಸಿ ಬಿತ್ತುವ ನಮಗೆ ಆಕಾಶವೇನೂ ಹೊಸ ನೆಂಟನಲ್ಲ. ಆದರೆ ಅಲ್ಲಿ ನಮ್ಮ ಕಣ್ಣಿಗೆ ಎಂದೂ ಬೀಳದ ಬೆಳಕೊಂದು ಉಂಟು. ಅದೇ ಗ್ಯಾಮಾ ಕಿರಣ.

ಈರುಳ್ಳಿ ಬೆಳೆಗಾರರಲ್ಲಿ ಕೆಲವರು ಈ ಹೆಸರನ್ನು ಕೇಳಿರಬಹುದು. ನಾಸಿಕ ಜಿಲ್ಲೆಯ ಲಾಸಲಗಾಂವದಲ್ಲಿ, ಈರುಳ್ಳಿ ಮೊಳೆಯದಿರಲೆಂದು ಕೋಬಾಲ್ಟಿನಿಂದ ಹೊರಡುವ ಗ್ಯಾಮಾ ಕಿರಣವನ್ನು ಅದರ ಮೇಲೆ ಹಾಯಿಸುವ ಏರ್ಪಾಡಿದೆ. ಆಕಾಶದಿಂದ ಬರುವ ಗ್ಯಾಮಾ ಕಿರಣಗಳಲ್ಲಿ ಅದಕ್ಕಿಂತ ಎಷ್ಟೋ ಪಾಲು ಉಗ್ರವಾದವು ಇವೆ. ನಾವು ಕಾಣುವ ಬೆಳಕಿನ ಒಂದು ಕಣಕ್ಕಿಂತ ಅವುಗಳ ಒಂದು ಕಣದ ಶಕ್ತಿ ಕೋಟಿ ಪಟ್ಟು, ಅದಕ್ಕೂ ಮೀರಿ.

ಹಾಗಾದರೆ ಅವು ನಮ್ಮ ಪೈರನ್ನೂ ದನಕರುಗಳನ್ನೂ ಸುಡವೇ? ಸುಡವು. ತಲೆಯ ಮೇಲಿನ ಗಾಳಿ ತೆಳುವೆಂದು ತೋರಿದರೂ ಅದರ ತೂಕ ಸುಮಾರು 10 ಮೀಟರ್ ಆಳದ ನೀರಿನ ತೂಕಕ್ಕೆ ಸಮ. ಆ ಕಿರಣಗಳು ಮೇಲ್ಗಾಳಿಯಲ್ಲಿಯೇ ಒಡೆದುಹೋಗುತ್ತವೆ. ನಮಗೆ ರಕ್ಷೆಯಾದ ಈ ಗಾಳಿಯೇ ವಿಜ್ಞಾನಿಗಳಿಗೆ ಅಡ್ಡಿ. ನೋಡಬೇಕಾದರೆ ಅದನ್ನು ದಾಟಿ ಮೇಲೆ ಹೋಗಬೇಕು.

ಅದಕ್ಕೆಂದೇ ಅಮೆರಿಕದ ನಾಸಾ ಸಂಸ್ಥೆ ಹಲವು ದೇಶಗಳ ಸಹಕಾರದಿಂದ 2008ರ ಜೂನ್ 11ರಂದು ಒಂದು ದೂರದರ್ಶಕವನ್ನು ಹಾರಿಸಿತು. ಭೌತವಿಜ್ಞಾನಿ ಎನ್ರಿಕೊ ಫರ್ಮಿಯ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುವಂತೆ ಅದನ್ನು ನೆಲೆಗೊಳಿಸಿದರು.

ದೂರದರ್ಶಕವೆಂದೊಡನೆ ಗಾಜು, ಕನ್ನಡಿ ಎಂದುಕೊಳ್ಳಬೇಡಿ. ಗ್ಯಾಮಾ ಕಿರಣ ಕನ್ನಡಿಗೆ ಬಗ್ಗದು, ತೂರಿಹೋಗುತ್ತದೆ. ಆದ್ದರಿಂದ ಇಲ್ಲಿ ಬೇರೆ ಉಪಾಯ. ಜರಡಿಯ ಮೇಲೆ ಜರಡಿ ಇಟ್ಟಂತೆ ಟಂಗ್‌ಸ್ಟನ್ ಲೋಹದ ತೆಳು ಹಾಳೆಗಳನ್ನೂ ಸಿಲಿಕಾನ್ ಪಟ್ಟಿಗಳನ್ನೂ ಒಂದರ ಮೇಲೊಂದು ಜೋಡಿಸಿದ್ದಾರೆ. ಇಂಥ ಗೋಪುರಗಳು 16. ಕಿರಣ ಟಂಗ್‌ಸ್ಟನ್ನಿಗೆ ಬಡಿದಾಗ ಎರಡು ಕಣಗಳಾಗಿ ಒಡೆಯುತ್ತದೆ. ಅವು ಸಿಲಿಕಾನಿನಲ್ಲಿ ಬಿಟ್ಟ ಹೆಜ್ಜೆಯ ಜಾಡು ಹಿಡಿದರೆ ಕಿರಣ ಬಂದ ದಿಕ್ಕು ತಿಳಿಯುತ್ತದೆ. ತಳದ ಹರಳುಗಳು ಅದರ ಶಕ್ತಿಯನ್ನು ಅಳೆಯುತ್ತವೆ. ಒಂದು ತೊಡಕೆಂದರೆ, ಗ್ಯಾಮಾ ಕಿರಣ ಒಂದು ಬಂದರೆ ಬೇರೆ ಕಣಗಳು ಸಾವಿರಾರು ಬಂದು ಬಡಿಯುತ್ತವೆ. ಕಾಳಿಗಿಂತ ಹೊಟ್ಟೇ ಹೆಚ್ಚು! ಅದನ್ನು ತೂರಿ ಬೇರ್ಪಡಿಸಲು ಹೊರಗೆ ಪ್ಲಾಸ್ಟಿಕ್ ಹಲಗೆಗಳ ಕವಚ ಹೊದಿಸಿದ್ದಾರೆ.

ಫರ್ಮಿ ಕಂಡದ್ದೇನು? ರೋಹಿಣಿ ಇರುವ ವೃಷಭ ರಾಶಿಯಲ್ಲಿ 1054ರಲ್ಲಿ ನಕ್ಷತ್ರವೊಂದು ಸಿಡಿದುದನ್ನು ಚೀನೀಯರು ಬರೆದಿಟ್ಟಿದ್ದಾರೆ. ಅದರ ತಿರುಳು ಇಂದಿಗೂ ಇದೆ. ಅಡ್ಡಳತೆ ಸುಮಾರು 20 ಕಿಲೋಮೀಟರ್ ಮಾತ್ರ, ತೂಕ ಸೂರ್ಯನಿಗಿಂತ ಹೆಚ್ಚು. ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುತ್ತದೆ. ಅಲ್ಲಿಯ ಒಂದು ಚಮಚ ದ್ರವ್ಯ ನೂರು ಕೋಟಿ ಟನ್ನಿಗೂ ಮೀರಿ ತೂಗುತ್ತದೆ. ಅದರ ಸುತ್ತಲಿನ ಬೆಳಕಿನ ಮೋಡ ಬದಲಾಗದೆಂದು ಬಹುಕಾಲ ನಂಬಿದ್ದರು. 2011ರ ಏಪ್ರಿಲ್‌ನಲ್ಲಿ ಅದು ಕೆಲವು ದಿನ ಗ್ಯಾಮಾ ಕಿರಣದಲ್ಲಿ ಹಲವು ಪಟ್ಟು ಪ್ರಜ್ವಲಿಸಿದ್ದನ್ನು ಫರ್ಮಿ ಹಿಡಿಯಿತು. ಇನ್ನು ಅದು ಗುರುತಿಸಿದ ನೆಲೆಗಳಲ್ಲಿ ಅರ್ಧಕ್ಕೂ ಹೆಚ್ಚಿನವು ದೂರದ ಕಪ್ಪುಕುಳಿಗಳಿಂದ ಚಿಮ್ಮುವ ಧಾರೆಗಳು. ಅದೇ ಬೇರೊಂದು ಲೇಖನವಾದೀತು.

2017ರ ಆಗಸ್ಟ್ 17ರ ಸಂಗತಿಯನ್ನು ಮಾತ್ರ ತಾಯಂದಿರು ಅವಶ್ಯ ಓದಬೇಕು. ಕೆರೆಗೆ ಕಲ್ಲೆಸೆದಾಗ ಅಲೆ ಏಳುವಂತೆ, ಇಂಥ ಎರಡು ತಿರುಳುಗಳು ಒಂದನ್ನೊಂದು ಸುತ್ತಿ ಡಿಕ್ಕಿಯಾದಾಗ ಎದ್ದ ಗುರುತ್ವದ ಅಲೆ ಅಂದು ಭೂಮಿಯ ಮೇಲಿನ ಯಂತ್ರಗಳಿಗೆ ತಾಗಿತು. 1.7 ಸೆಕೆಂಡಿನ ಅನಂತರ ಫರ್ಮಿಗೆ ಗ್ಯಾಮಾ ಕಿರಣದ ಹೊಳಪು ಕಂಡಿತು. 13 ಕೋಟಿ ವರ್ಷ ಪಯಣಿಸಿ ಬಂದ ಬೆಳಕು ಅದು! ಲೋಕದ ದೂರದರ್ಶಕಗಳೆಲ್ಲ ಆ ಕಡೆ ತಿರುಗಿದವು. ಡಿಕ್ಕಿಯಲ್ಲಿ ಹೊಸದಾಗಿ ಭಾರವಾದ ಧಾತುಗಳು ಹುಟ್ಟಿದ ಕುರುಹು ಅಲ್ಲಿ ಕಂಡಿತು. ಭೂಮಿಯ ಚಿನ್ನದಲ್ಲಿ ಒಳ್ಳೆಯ ಪಾಲು ಇಂಥ ಡಿಕ್ಕಿಗಳಲ್ಲೇ ಹುಟ್ಟಿರಬೇಕೆಂದು ಅನೇಕ ವಿಜ್ಞಾನಿಗಳ ಅಭಿಪ್ರಾಯ. ಅಂದರೆ ತಮ್ಮ ಕೊರಳ ತಾಳಿ ಅಕ್ಕಸಾಲಿಗನ ಕೈಗೆ ಬರುವ ಮೊದಲು ಎಲ್ಲೆಲ್ಲಿ ಇತ್ತೋ!

ನಮ್ಮ ದೇಶವೂ ಕೈಕಟ್ಟಿ ಕುಳಿತಿಲ್ಲ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಇಂಥ ನೂರಾರು ಹಠಾತ್ ಹೊಳಪುಗಳನ್ನು ದಾಖಲಿಸಿದೆ. ಅದು ಕಳಿಸಿದ ಮಾಹಿತಿಯನ್ನು ಬೆಂಗಳೂರಿನ ಬಳಿಯ ಬ್ಯಾಲಾಳು ಗ್ರಾಮದ ಇಸ್ರೋ ಕೇಂದ್ರದಲ್ಲಿ ಕಾಪಿಟ್ಟಿದ್ದಾರೆ. ಹೌದು, ಗ್ರಾಮದಲ್ಲಿಯೇ.

ಪುಷ್ಯ ಮಾಸದಲ್ಲಿ ರಾತ್ರಿ ಊಟವಾದ ಮೇಲೆ ಅಂಗಳಕ್ಕೆ ಬನ್ನಿ. ನೆತ್ತಿಯ ಸಮೀಪ ಕೆಂಪಗೆ ಕಾಣುವ ರೋಹಿಣಿಯನ್ನು ಮಕ್ಕಳಿಗೆ ತೋರಿಸಿ. 1054ರಲ್ಲಿ ಸಿಡಿದ ನಕ್ಷತ್ರದ ಅವಶೇಷ ಬರಿಗಣ್ಣಿಗೆ ಕಾಣದು. ಶಾಲೆಯಲ್ಲಿ ಸಣ್ಣ ದೂರದರ್ಶಕವಿದ್ದರೆ ಮೇಷ್ಟರನ್ನು ಕೇಳಿ. ಮೋಡವಿಲ್ಲದ ಕತ್ತಲ ರಾತ್ರಿ ಅದು ಮಸುಕಾದ ಹೊಗೆಯ ಚುಕ್ಕೆಯಂತೆ ಕಂಡೀತು.